ಮಾನವ ಹಕ್ಕು ಉಲ್ಲಂಘನೆಯ ಸುದ್ದಿ: ಸರ್ಕಾರಿ ಪತ್ರಿಕೆ ಎಂದರೆ ಸುಳ್ಳು, ಖಾಸಗಿ ಪತ್ರಿಕೆ ಎಂದರೆ ಸತ್ಯವೇ?

ಎರಡು_ಕಾಲಂ

ಸ್ನೇಹಿತರೇ, ಕೆಲವು ವಾರಗಳಿಂದ ಜಿಂಬಾಬ್ವೆಯ ಪತ್ರಿಕೆಗಳ ಇತಿಹಾಸವನ್ನು ಓದುತ್ತಿದ್ದೇನೆ. ಹರಾರೆಯ ‘ದಿ ಹೆರಾಲ್ಡ್’ ಮತ್ತು ಬುಲವಾಯೊದ ‘ದಿ ಕ್ರಾನಿಕಲ್’ ಅಲ್ಲಿ ಸರ್ಕಾರದ ಹಿಡಿತದಲ್ಲಿರುವ ಪತ್ರಿಕೆಗಳು. ಸ್ವಾತಂತ್ರ್ಯ ಬಂದ ಮರುವರ್ಷ, 1981ರಲ್ಲಿ, ಹೊಸ ಸರ್ಕಾರ ನೈಜೀರಿಯಾ ಕೊಟ್ಟ ಹಣದಿಂದ ದಕ್ಷಿಣ ಆಫ್ರಿಕಾದ ಆರ್ಗಸ್ ಕಂಪನಿಯ ಷೇರುಗಳನ್ನು ಕೊಂಡು ಅವುಗಳನ್ನು ತನ್ನದಾಗಿಸಿಕೊಂಡಿತು. ಅವುಗಳ ಎದುರಿಗೆ ‘ಡೇಲಿ ನ್ಯೂಸ್’, ‘ದಿ ಸ್ಟ್ಯಾಂಡರ್ಡ್’ನಂತಹ ಖಾಸಗಿ ಪತ್ರಿಕೆಗಳು ನಿಂತಿದ್ದವು.

2005ರಲ್ಲಿ ಅಲ್ಲಿನ ನಗರಗಳಲ್ಲಿ ಬಡವರ ಮನೆಗಳನ್ನೂ ಗೂಡಂಗಡಿಗಳನ್ನೂ ನೆಲಸಮ ಮಾಡಿದ ಕಾರ್ಯಾಚರಣೆಗೆ ಶೋನಾ ಭಾಷೆಯಲ್ಲಿ ಇಟ್ಟ ಹೆಸರು ‘ಮುರಂಬತ್ಸ್ವಿನಾ’, ಅಂದರೆ ಕಸವನ್ನು ಹೊರಹಾಕುವುದು. ಇಂಗ್ಲಿಷಿನಲ್ಲಿ ಅದೇ ಕಾರ್ಯಾಚರಣೆಗೆ ಸುವ್ಯವಸ್ಥೆಯನ್ನು ಮರಳಿ ತರುವುದು ಎಂಬ ಅರ್ಥದ ಸಭ್ಯ ಹೆಸರಿತ್ತು. ಸರ್ಕಾರಿ ಪತ್ರಿಕೆಗೆ ಅದು ಸ್ವಚ್ಛತಾ ಕಾರ್ಯ; ವಿಶ್ವಸಂಸ್ಥೆ ಕಳುಹಿಸಿದ ಅನ್ನಾ ಟಿಬೈಜುಕಾ ಅವರ ವರದಿಯ ಪ್ರಕಾರ ಸುಮಾರು 7 ಲಕ್ಷ ಜನ ಮನೆಯನ್ನೋ ಜೀವನೋಪಾಯವನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡಿದ್ದರು.

ನನ್ನ ಪ್ರಶ್ನೆ ಸರಳವಾಗಿದೆ. ಒಂದೇ ಘಟನೆಯ ಬಗ್ಗೆ ಇಂತಹ ಎರಡು ಪತ್ರಿಕೆಗಳು ಕೈಗೆ ಬಂದಾಗ, ‘ಸರ್ಕಾರದ್ದು ಸುಳ್ಳು, ಖಾಸಗಿಯದು ನಿಜ’ ಎಂಬ ಎಣಿಕೆಯಿಂದ ಓದಲು ಆರಂಭಿಸುವುದು ಸರಿಯೇ? ನಾನು ಈವರೆಗೆ ಹಾಗೆಯೇ ಓದುತ್ತಾ ಬಂದಿದ್ದೇನೆ, ಆದರೆ ಇತ್ತೀಚೆಗೆ ಆ ಅಭ್ಯಾಸದ ಬಗ್ಗೆ ಅನುಮಾನ ಹುಟ್ಟಿದೆ.

ಖಡಕ್_ಓದುಗ

ಸರಿಯೇ. ಇದರಲ್ಲಿ ಚರ್ಚೆಗೆ ಏನಿದೆ ಎಂಬುದು ನನಗೆ ಅರ್ಥವಾಗಲಿಲ್ಲ. ಸಂಬಳ ಕೊಡುವವನ ವಿರುದ್ಧ ಯಾರೂ ಬರೆಯುವುದಿಲ್ಲ.

ಮೂರನೇ_ಪುಟ

ಖಡಕ್ ಅವರೇ, ಖಾಸಗಿ ಪತ್ರಿಕೆಯಲ್ಲಿಯೂ ಯಾರೋ ಒಬ್ಬರು ಸಂಬಳ ಕೊಡುತ್ತಾರೆ ಎಂಬುದನ್ನು ನೀವು ಮರೆತಿದ್ದೀರಿ.

ಚಿಲಿಯ ಉದಾಹರಣೆಯನ್ನೇ ನೋಡಿ. 1975ರ ಜುಲೈನಲ್ಲಿ ಸೈನಿಕ ಸರ್ವಾಧಿಕಾರಿ ಪಿನೊಚೆಯ ಆಡಳಿತ, ತಾನು ಬಂಧಿಸಿ ಕಾಣೆಯಾಗಿಸಿದ್ದ 119 ಮಂದಿ ವಿದೇಶದಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡು ಸತ್ತರು ಎಂಬ ಕಥೆಯನ್ನು ಹರಿಯಬಿಟ್ಟಿತು. ಸತ್ತವರ ಹೆಸರುಗಳ ಪಟ್ಟಿ ಮೊದಲು ಪ್ರಕಟವಾದದ್ದು ಅರ್ಜೆಂಟೀನಾ ಮತ್ತು ಬ್ರೆಜಿಲ್‌ನ ಎರಡು ಪತ್ರಿಕೆಗಳಲ್ಲಿ. ಅವುಗಳ ಹೆಸರನ್ನು ಅದಕ್ಕೆ ಮುಂಚೆ ಯಾರೂ ಕೇಳಿರಲಿಲ್ಲ. ಚಿಲಿಯ ದೊಡ್ಡ ಪತ್ರಿಕೆಗಳು ‘ವಿದೇಶಿ ಪತ್ರಿಕೆಗಳ ವರದಿ’ ಎಂದು ಅದನ್ನೇ ಎತ್ತಿಕೊಂಡವು. ‘ಎಲ್ ಮರ್ಕೂರಿಯೊ’ ಬಳಗದ ಸಂಜೆ ಪತ್ರಿಕೆ ‘ಲಾ ಸೆಗುಂಡಾ’ ಮುಖಪುಟದಲ್ಲಿ ಕೊಟ್ಟ ತಲೆಬರಹದ ಅರ್ಥ ‘ಇಲಿಗಳಂತೆ ನಿರ್ನಾಮ’. ಆ ಬಳಗ ಅಪ್ಪಟ ಖಾಸಗಿ ಸ್ವತ್ತು. ತಮ್ಮ ಮಕ್ಕಳನ್ನು ಸೈನಿಕರು ಮನೆಯಿಂದ ಎಳೆದೊಯ್ದದ್ದನ್ನು ಕಣ್ಣಾರೆ ಕಂಡಿದ್ದ ತಾಯಂದಿರು ಆ ತಲೆಬರಹವನ್ನು ಓದಬೇಕಾಯಿತು.

ಸರ್ಕಾರ ಹೇಳಿದ್ದನ್ನು ಸರ್ಕಾರದ ಪತ್ರಿಕೆಯೇ ಹೇಳಿದರೆ ಓದುಗ ಅರ್ಧ ನಂಬುತ್ತಾನೆ. ಅದೇ ಮಾತನ್ನು ಖಾಸಗಿ ಪತ್ರಿಕೆ ತನ್ನ ಹೆಸರಿನಲ್ಲಿ ಹೇಳಿದಾಗ ಪೂರ್ತಿ ನಂಬುತ್ತಾನೆ. ಈ ಲೆಕ್ಕ ಆಳುವವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹಳೇ_ಡೆಸ್ಕ್

ನಾನು ಇಪ್ಪತ್ತೆರಡು ವರ್ಷ ಉಪಸಂಪಾದಕನಾಗಿ ಕೆಲಸ ಮಾಡಿ ನಿವೃತ್ತನಾದವನು, ಎಲ್ಲವೂ ಖಾಸಗಿ ಪತ್ರಿಕೆಗಳಲ್ಲಿಯೇ. ಆದ್ದರಿಂದ ಮಾಲೀಕ ಯಾರು ಎಂಬ ಪ್ರಶ್ನೆಗಿಂತ ಮೊದಲು ಕ್ರಿಯಾಪದವನ್ನು ನೋಡಿ ಎಂದು ಹೇಳುತ್ತೇನೆ.

ಕನ್ನಡದ ವಾಕ್ಯದಲ್ಲಿ ಕರ್ತೃವನ್ನು ಸದ್ದಿಲ್ಲದೆ ಕೈಬಿಡುವುದು ಬಹಳ ಸುಲಭ. ‘ಪೊಲೀಸರು ಗುಂಡು ಹಾರಿಸಿ ಮೂವರನ್ನು ಕೊಂದರು’ ಎಂಬುದು ಒಂದು ವಾಕ್ಯ. ‘ಪೊಲೀಸರ ಗುಂಡಿಗೆ ಮೂವರು ಬಲಿ’ ಎಂಬುದರಲ್ಲಿ ಪೊಲೀಸರು ಇನ್ನೂ ಇದ್ದಾರೆ, ಆದರೆ ಕೆಲಸ ಮಾಡಿದ್ದು ಗುಂಡು. ‘ಗೋಲಿಬಾರ್‌ನಲ್ಲಿ ಮೂವರ ಸಾವು’ ಎನ್ನುವಾಗ ಪೊಲೀಸರೂ ಮಾಯವಾಗಿದ್ದಾರೆ. ‘ಘರ್ಷಣೆ: ಮೂವರ ಸಾವು, ಪರಿಸ್ಥಿತಿ ನಿಯಂತ್ರಣದಲ್ಲಿ’ ಎಂಬಲ್ಲಿಗೆ ಬಂದರೆ ಸತ್ತವರೇ ಏನೋ ತಪ್ಪು ಮಾಡಿರಬೇಕು ಎಂದು ಓದುಗನಿಗೆ ಅನ್ನಿಸುತ್ತದೆ. ಈ ನಾಲ್ಕರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ, ಮಾನನಷ್ಟ ಮೊಕದ್ದಮೆಗೆ ಆಸ್ಪದವೂ ಇಲ್ಲ. ರಾತ್ರಿ ಹನ್ನೊಂದೂವರೆಗೆ ಪುಟ ಬಿಡುಗಡೆ ಮಾಡುವ ಅವಸರದಲ್ಲಿ ನಾನು ಮೊದಲನೆಯದನ್ನು ಎಷ್ಟು ಸಲ ನಾಲ್ಕನೆಯದಾಗಿ ತಿದ್ದಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ, ಮತ್ತು ಹಾಗೆ ತಿದ್ದು ಎಂದು ನನಗೆ ಯಾವ ಸರ್ಕಾರವೂ ಫೋನ್ ಮಾಡಿರಲಿಲ್ಲ.

‘ಲಘು ಲಾಠಿ ಪ್ರಹಾರ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಲಘು ಯಾರಿಗೆ? ಪೆಟ್ಟು ತಿಂದವನನ್ನು ಕೇಳಿ ಆ ವಿಶೇಷಣವನ್ನು ಬರೆದ ವರದಿಗಾರನನ್ನು ನಾನಂತೂ ಕಂಡಿಲ್ಲ.

ಪದಪ್ರೇಮಿ

‘ಅಪರಿಚಿತ ದುಷ್ಕರ್ಮಿಗಳು’ ಎಂಬುದನ್ನೂ ಈ ಪಟ್ಟಿಗೆ ಸೇರಿಸಬೇಕು. ಸಮವಸ್ತ್ರ ತೊಟ್ಟವರು ಹಾಡಹಗಲೇ ಜೀಪಿನಲ್ಲಿ ಕರೆದೊಯ್ದಿದ್ದರೂ ಮರುದಿನ ಅವರು ಅಪರಿಚಿತರೇ ಆಗಿರುತ್ತಾರೆ.

ಕಾನೂನು_ಕಟ್ಟೆ

ಹಳೇ ಡೆಸ್ಕ್ ಸರ್ ಹೇಳಿದ್ದನ್ನು ಒಪ್ಪುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ‘ಆರೋಪಿಸಲಾಗಿದೆ’, ‘ಎನ್ನಲಾಗಿದೆ’ ಎಂಬ ರೂಪಗಳೆಲ್ಲ ಹೇಡಿತನವಲ್ಲ. ನ್ಯಾಯಾಲಯ ತೀರ್ಮಾನಿಸುವ ಮೊದಲೇ ಒಬ್ಬ ಅಧಿಕಾರಿಯನ್ನು ಹೆಸರಿಸಿ ಕೊಲೆಗಾರ ಎಂದು ಬರೆಯುವ ಪತ್ರಿಕೆ ನಾಳೆ ಮುಚ್ಚಿಹೋಗಬಹುದು, ಅಥವಾ ಆ ಬರಹವೇ ವಿಚಾರಣೆಯ ದಾರಿ ತಪ್ಪಿಸಬಹುದು. ನಾನು ನೋಡುವುದು ಆ ಎಚ್ಚರಿಕೆ ಎರಡೂ ಕಡೆಗೆ ಸಮನಾಗಿದೆಯೇ ಎಂಬುದನ್ನು. ಸಂತ್ರಸ್ತೆಯ ಮಾತಿಗೆ ‘ಆರೋಪಿಸಿದ್ದಾರೆ’, ಪೊಲೀಸರ ಮಾತಿಗೆ ‘ತಿಳಿಸಿದ್ದಾರೆ’ ಎಂದು ಬಂದರೆ ಅಲ್ಲಿಗೆ ತೀರ್ಪು ಬಂದುಹೋಯಿತು. ಎರಡಕ್ಕೂ ‘ಹೇಳಿದ್ದಾರೆ’ ಎಂದು ಬರೆದರೆ ಯಾರ ಗಂಟು ಹೋಗುತ್ತದೆ?

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬೀಕೊ ಅವರು 1977ರ ಸೆಪ್ಟೆಂಬರ್ 12ರಂದು ಪೊಲೀಸ್ ವಶದಲ್ಲಿ ಸತ್ತಾಗ, ಅದು ಉಪವಾಸ ಮುಷ್ಕರದ ಸಾವು ಎಂಬ ಅಭಿಪ್ರಾಯ ಮೂಡುವಂತೆ ಪೊಲೀಸ್ ಖಾತೆಯ ಸಚಿವ ಜಿಮ್ಮಿ ಕ್ರೂಗರ್ ಹೇಳಿಕೆ ಕೊಟ್ಟರು. ‘ರ‍್ಯಾಂಡ್ ಡೇಲಿ ಮೇಲ್’ನ ವರದಿಗಾರ್ತಿ ಹೆಲೆನ್ ಜಿಲ್ಲೆ ಅವರು ವೈದ್ಯರನ್ನು ಹುಡುಕಿಕೊಂಡು ಹೋದರು. ಅಕ್ಟೋಬರ್ 7ರ ಸಂಚಿಕೆಯ ತಲೆಬರಹ, ಬೀಕೊ ಅವರನ್ನು ಕಂಡ ವೈದ್ಯರಿಗೆ ಉಪವಾಸದ ಕುರುಹು ಸಿಕ್ಕಿರಲಿಲ್ಲ ಎಂಬುದಷ್ಟನ್ನೇ ಹೇಳಿತು. ಪೊಲೀಸರು ಕೊಂದರು ಎಂದು ಅದು ಹೇಳಲಿಲ್ಲ. ಸಚಿವರ ಮಾತಿನ ಬುಡಕ್ಕೇ ಕೈಹಾಕಿ ಸುಮ್ಮನಾಯಿತು. ಅಷ್ಟಕ್ಕೇ ಪ್ರೆಸ್ ಕೌನ್ಸಿಲ್ ಪತ್ರಿಕೆಗೆ ಛೀಮಾರಿ ಹಾಕಿತು ಎಂಬುದು ಬೇರೆ ಮಾತು. ಸಾವಿಗೆ ಮಿದುಳಿಗಾದ ಪೆಟ್ಟು ಕಾರಣ ಎಂಬುದು ಆಮೇಲೆ ವಿಚಾರಣೆಯಲ್ಲಿ ಬಯಲಾಯಿತು, ಆದರೂ ಯಾರೂ ಹೊಣೆಗಾರರಲ್ಲ ಎಂದೇ ಮ್ಯಾಜಿಸ್ಟ್ರೇಟರು ತೀರ್ಪಿತ್ತರು.

ಖಡಕ್_ಓದುಗ

ಹಾಗಾದರೆ ನೀವೇ ನನ್ನ ಮಾತನ್ನು ಸಾಧಿಸಿಕೊಟ್ಟಿರಿ. ಆ ಕೆಲಸ ಮಾಡಿದ್ದು ಖಾಸಗಿ ಪತ್ರಿಕೆ.

ಮೂರನೇ_ಪುಟ

ಆ ಖಾಸಗಿ ಪತ್ರಿಕೆಯನ್ನು 1985ರಲ್ಲಿ ನಷ್ಟದ ಕಾರಣ ಹೇಳಿ ಮುಚ್ಚಿದ್ದು ಸರ್ಕಾರವಲ್ಲ, ಅದರ ಮಾಲೀಕರೇ. ಖಾಸಗಿ ಪತ್ರಿಕೆಯ ಧೈರ್ಯಕ್ಕೆ ಅದರದೇ ಆದ ವಾಯಿದೆ ಇರುತ್ತದೆ.

ಎರಡು_ಕಾಲಂ

ಚರ್ಚೆ ಬೇಗ ಬೆಳೆಯಿತು, ಸಂತೋಷ. ಮೂರನೇ ಪುಟ ಅವರ ಚಿಲಿ ಉದಾಹರಣೆ ನನಗೆ ಗೊತ್ತಿರಲಿಲ್ಲ. ಆದರೂ ಜಿಂಬಾಬ್ವೆಯಲ್ಲಿ ಖಾಸಗಿ ಪತ್ರಕರ್ತರು ತೆತ್ತ ಬೆಲೆಯನ್ನು ಕಡೆಗಣಿಸಬಾರದು. 1999ರ ಜನವರಿಯಲ್ಲಿ ಸೇನೆಯೊಳಗಿನ ಕ್ಷಿಪ್ರಕ್ರಾಂತಿ ಯತ್ನದ ಸುದ್ದಿ ಬರೆದದ್ದಕ್ಕಾಗಿ ‘ದಿ ಸ್ಟ್ಯಾಂಡರ್ಡ್’ನ ಸಂಪಾದಕ ಮಾರ್ಕ್ ಚವುಂದುಕ ಮತ್ತು ವರದಿಗಾರ ರೇ ಚೋಟೊ ಅವರನ್ನು ಸೈನಿಕರು ವಶಕ್ಕೆ ತೆಗೆದುಕೊಂಡು ಚಿತ್ರಹಿಂಸೆ ಕೊಟ್ಟರು. ‘ಡೇಲಿ ನ್ಯೂಸ್’ ಅಂತೂ ಮುದ್ರಣಾಲಯಕ್ಕೆ ಬಾಂಬ್ ಬಿದ್ದು ನಿಂತೇಹೋಯಿತು.

ದಿನಾಂಕ_ಶೂರ

ಸಣ್ಣ ತಿದ್ದುಪಡಿ. ಬಾಂಬ್ ಸ್ಫೋಟವಾದದ್ದು 2001ರ ಜನವರಿಯಲ್ಲಿ, ಆದರೆ ‘ಡೇಲಿ ನ್ಯೂಸ್’ ಅದರಿಂದ ನಿಲ್ಲಲಿಲ್ಲ. ಬೇರೆ ಕಡೆ ಮುದ್ರಿಸಿಕೊಂಡು ಹೊರಬಂದಿತು. ಅದನ್ನು ನಿಲ್ಲಿಸಿದ್ದು ಒಂದು ಅರ್ಜಿ ನಮೂನೆ. 2002ರಲ್ಲಿ ತಂದ ಕಾನೂನಿನ ಪ್ರಕಾರ ಪತ್ರಿಕೆಗಳು ಸರ್ಕಾರ ನೇಮಿಸಿದ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ಪತ್ರಿಕೆ ಅದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಲಯ ಮೊದಲು ನೋಂದಾಯಿಸಿಕೊಂಡು ಬನ್ನಿ ಎಂದಿತು, 2003ರ ಸೆಪ್ಟೆಂಬರ್‌ನಲ್ಲಿ ಪೊಲೀಸರು ಬಂದು ಬಾಗಿಲು ಹಾಕಿಸಿದರು. ಮತ್ತೆ ಅದು ಹೊರಬಂದದ್ದು 2011ರಲ್ಲಿ. ಆ ಕಾನೂನಿನ ಹೆಸರಿನಲ್ಲಿ ‘ಮಾಹಿತಿ ಪಡೆಯುವ ಅವಕಾಶ’ ಎಂಬ ಮಾತೂ ಇತ್ತು ಎಂಬುದನ್ನು ಪದಪ್ರೇಮಿ ಅವರ ಗಮನಕ್ಕೆ ತರುತ್ತೇನೆ.

ಎರಡು_ಕಾಲಂ

ತಿದ್ದಿದ್ದಕ್ಕೆ ಧನ್ಯವಾದ, ತಪ್ಪು ನನ್ನದು.

ಅನುಮಾನಿ

ಅದೇ ‘ಡೇಲಿ ನ್ಯೂಸ್’ 2002ರ ಏಪ್ರಿಲ್‌ನಲ್ಲಿ ಏನು ಮಾಡಿತು ಎಂಬುದನ್ನು ಯಾರೂ ಹೇಳುತ್ತಿಲ್ಲವಲ್ಲ! ಆಳುವ ಪಕ್ಷದ ಬೆಂಬಲಿಗರು ಒಬ್ಬ ಮಹಿಳೆಯನ್ನು ಅವಳ ಮಕ್ಕಳ ಕಣ್ಣೆದುರೇ ತಲೆ ಕಡಿದು ಕೊಂದರು ಎಂದು ಮುಖಪುಟದಲ್ಲಿ ಪ್ರಕಟಿಸಿತು. ಅಂತಹ ಘಟನೆಯೇ ನಡೆದಿರಲಿಲ್ಲ. ಹೆಂಡತಿ ಸತ್ತಳೆಂದು ಹೇಳಿಕೊಂಡು ಬಂದವನ ಮಾತನ್ನು ಪತ್ರಿಕೆ ನಂಬಿತ್ತು. ಆಮೇಲೆ ಕ್ಷಮೆ ಕೇಳಿತು. ಆದರೆ ಅಷ್ಟು ಹೊತ್ತಿಗೆ ಸರ್ಕಾರದ ಕೈಗೆ ಬೇಕಾದ ಕೋಲು ಸಿಕ್ಕಿತ್ತು. ಅದೇ ಸುದ್ದಿಯನ್ನು ಬ್ರಿಟನ್ನಿನ ‘ಗಾರ್ಡಿಯನ್’ಗೆ ಕಳುಹಿಸಿದ್ದ ಆ್ಯಂಡ್ರ್ಯೂ ಮೆಲ್ಡ್ರಂ ಅವರ ಮೇಲೆ ಹೊಸ ಕಾನೂನಿನಡಿ ಮೊಕದ್ದಮೆ ಹೂಡಿದರು, ನ್ಯಾಯಾಲಯ ಬಿಡುಗಡೆ ಮಾಡಿದರೂ ಮರುವರ್ಷ ಅವರನ್ನು ದೇಶದಿಂದಲೇ ಹೊರಹಾಕಿದರು.

ನಿಜವಾಗಿ ಹೊಡೆತ ತಿಂದ ನೂರಾರು ಜನರ ಮಾತನ್ನು ಅನುಮಾನಿಸಲು ಆ ಒಂದು ಸುಳ್ಳು ಸುದ್ದಿ ನೆಪವಾಯಿತು. ಆದ್ದರಿಂದ ಖಾಸಗಿ ಪತ್ರಿಕೆಯ ಒಂದು ತಪ್ಪಿನಿಂದ ಆಗುವ ಹಾನಿ ಸರ್ಕಾರಿ ಪತ್ರಿಕೆಯ ಹತ್ತು ಸುಳ್ಳುಗಳಿಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಖಡಕ್_ಓದುಗ

ಒಂದು ತಪ್ಪು ಮಾಡಿ ಕ್ಷಮೆ ಕೇಳಿದ ಪತ್ರಿಕೆಯನ್ನೂ, ಹತ್ತು ಸುಳ್ಳು ಹೇಳಿ ಒಂದಕ್ಕೂ ಕ್ಷಮೆ ಕೇಳದ ಪತ್ರಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಕ್ಷಮೆ ಕೇಳಿತು ಎಂಬುದೇ ನನಗೆ ದೊಡ್ಡ ಸಂಗತಿ.

ಅನುಮಾನಿ

ತಕ್ಕಡಿಯಲ್ಲಿ ಇಟ್ಟದ್ದು ಪತ್ರಿಕೆಗಳನ್ನಲ್ಲ, ಹಾನಿಯನ್ನು. ಮತ್ತೊಮ್ಮೆ ಓದಿ.

ದಕ್ಷಿಣ_ದಿಕ್ಕು

ಸರ್ಕಾರಿ ಪತ್ರಿಕೆಗಳಲ್ಲಿ ದುಡಿಯುವವರೆಲ್ಲ ತುತ್ತೂರಿ ಊದುವವರು ಎಂಬಂತೆ ಮಾತು ಹೋಗುತ್ತಿದೆ. 1988ರಲ್ಲಿ ಜಿಂಬಾಬ್ವೆಯ ಮಂತ್ರಿಗಳು ವಿಲ್ಲೊವೇಲ್ ಕಾರು ಕಾರ್ಖಾನೆಯಿಂದ ನಿಗದಿತ ಬೆಲೆಗೆ ಕಾರು ಪಡೆದು ಹೆಚ್ಚಿನ ಬೆಲೆಗೆ ಮಾರುತ್ತಿದ್ದ ಹಗರಣವನ್ನು ಬಯಲಿಗೆಳೆದದ್ದು ಸರ್ಕಾರದ ಹಿಡಿತದಲ್ಲಿದ್ದ ‘ಕ್ರಾನಿಕಲ್’, ಸಂಪಾದಕ ಜೆಫ್ರಿ ನ್ಯಾರೊಟಾ. ತನಿಖಾ ಆಯೋಗ ರಚನೆಯಾಗಿ ಮಂತ್ರಿಗಳು ರಾಜೀನಾಮೆ ಕೊಟ್ಟರು. ನ್ಯಾರೊಟಾ ಅವರಿಗೂ ‘ಬಡ್ತಿ’ ಸಿಕ್ಕಿತು: ಸುದ್ದಿಮನೆಯಿಂದ ಎತ್ತಿ ಹರಾರೆಯ ಸಾರ್ವಜನಿಕ ಸಂಪರ್ಕದ ಕುರ್ಚಿಯಲ್ಲಿ ಕೂರಿಸಿದರು. 1999ರಲ್ಲಿ ‘ಡೇಲಿ ನ್ಯೂಸ್’ ಆರಂಭವಾದಾಗ ಸಂಪಾದಕರಾದವರು ಇವರೇ.

ಹಳೇ_ಡೆಸ್ಕ್

ಅದು ನಿಜ, ಮತ್ತು ಶ್ಲಾಘನೀಯ. ಆದರೆ ಅದು ಭ್ರಷ್ಟಾಚಾರದ ಸುದ್ದಿ ಎಂಬುದನ್ನು ಗಮನಿಸಿ. ಅದೇ ‘ಕ್ರಾನಿಕಲ್’ ಹೊರಬರುತ್ತಿದ್ದ ಬುಲವಾಯೊದ ಸುತ್ತಲಿನ ಮತಬೆಲೆಲ್ಯಾಂಡ್ ಪ್ರಾಂತ್ಯದಲ್ಲಿ 1983ರಿಂದ ಸರ್ಕಾರದ ಸೇನೆಯೇ ನಡೆಸಿದ ‘ಗುಕುರಹುಂದಿ’ ಎಂಬ ಹತ್ಯಾಕಾಂಡ ನಡೆಯಿತು. ಸತ್ತವರು ಸುಮಾರು 20,000 ಇರಬಹುದೆಂಬ ಅಂದಾಜು ಹೆಚ್ಚಾಗಿ ಬಳಕೆಯಲ್ಲಿದೆ. ಆಗ ಸರ್ಕಾರಿ ಪತ್ರಿಕೆಗಳ ತುಂಬ ಇದ್ದ ಪದ ‘ಭಿನ್ನಮತೀಯರು’. ಕಾಗದದ ಮೇಲೆ ಸತ್ತವರೂ ಅವರೇ, ಕೊಂದವರೂ ಅವರೇ. ಕ್ಯಾಥೊಲಿಕ್ ನ್ಯಾಯ ಮತ್ತು ಶಾಂತಿ ಆಯೋಗದ ದಾಖಲೆ ಹೊರಬರುವ ಹೊತ್ತಿಗೆ 1997 ಆಗಿತ್ತು. ‘ಗುಕುರಹುಂದಿ’ ಎಂದರೆ ಹೊಟ್ಟನ್ನು ಕೊಚ್ಚಿಕೊಂಡು ಹೋಗುವ ಮೊದಲ ಮಳೆ ಎಂದು ಅರ್ಥವಂತೆ. ಹೊಟ್ಟು ಯಾರು ಎಂದು ಬೇರೆ ಹೇಳಬೇಕಿಲ್ಲ.

ಮಂತ್ರಿ ಕಾರು ಮಾರಿಕೊಂಡ ಎಂದು ಬರೆಯಬಹುದು, ಏಕೆಂದರೆ ಕೆಟ್ಟದ್ದು ಒಬ್ಬ ಮಂತ್ರಿ, ಸರ್ಕಾರ ಅವನನ್ನು ಕಳೆದುಕೊಂಡೂ ಉಳಿಯುತ್ತದೆ. ಸೇನೆಯೇ ಹಳ್ಳಿಯವರನ್ನು ಸಾಲಾಗಿ ನಿಲ್ಲಿಸಿ ಕೊಂದಿತು ಎಂದು ಬರೆದರೆ ಉಳಿಯಲು ಏನಿರುತ್ತದೆ? ಭ್ರಷ್ಟಾಚಾರದ ಸುದ್ದಿಗೂ ಮಾನವ ಹಕ್ಕಿನ ಸುದ್ದಿಗೂ ಇರುವ ಈ ಅಂತರವನ್ನು ಸುದ್ದಿಮನೆಯೊಳಗೆ ಕೂತವರು ಬೇಗ ಕಲಿಯುತ್ತಾರೆ. ಖಾಸಗಿ ಸುದ್ದಿಮನೆಯಲ್ಲೂ ಅಷ್ಟೇ.

ದಕ್ಷಿಣ_ದಿಕ್ಕು

ಈ ಅಂತರ ನನಗೆ ಹೊಳೆದಿರಲಿಲ್ಲ. ಒಪ್ಪಿದೆ.

ಮೊದಲ_ಬೆಂಚು

ಹಿರಿಯರೇ, ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಸರ್ಕಾರವೂ ಖಾಸಗಿಯೂ ಒಂದೇ ಸುಳ್ಳನ್ನು ಒಟ್ಟಿಗೆ ಪ್ರಕಟಿಸಿದ ಉದಾಹರಣೆ ಇದೆಯೇ? ಚಿಲಿಯಂತಹ ಸರ್ವಾಧಿಕಾರದಲ್ಲಿ ಅಲ್ಲ, ಮುಕ್ತ ಪತ್ರಿಕೆಗಳಿರುವ ದೇಶದಲ್ಲಿ.

ದಿನಾಂಕ_ಶೂರ

ಮೈ ಲಾಯ್. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಆ ವಿಯೆಟ್ನಾಂ ಹಳ್ಳಿಯಲ್ಲಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಂನ ಲೆಕ್ಕದಲ್ಲಿ 504, ಅಮೆರಿಕದ ಸೇನೆಯ ಲೆಕ್ಕದಲ್ಲಿ 347. ಸೇನೆಯ ಪ್ರಕಟಣೆ ಹೇಳಿದ್ದು 128 ಶತ್ರುಗಳ ಸಾವು ಎಂದು. ಸೈನಿಕರಿಗಾಗಿ ಹೊರಡುವ ‘ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್’ ಅದನ್ನೇ ಹಾಕಿತು, ಖಾಸಗಿ ‘ನ್ಯೂಯಾರ್ಕ್ ಟೈಮ್ಸ್’ ಕೂಡ ಮರುದಿನ ಅದೇ 128ನ್ನು ಮುಖಪುಟದಲ್ಲಿ ಹಾಕಿತು. ಸತ್ಯ ಹೊರಬಂದದ್ದು 20 ತಿಂಗಳ ನಂತರ, 1969ರ ನವೆಂಬರ್‌ನಲ್ಲಿ. ಬಯಲಿಗೆಳೆದ ಸೈಮೂರ್ ಹರ್ಷ್ ಆಗ ಯಾವ ದೊಡ್ಡ ಪತ್ರಿಕೆಯ ನೌಕರನೂ ಆಗಿರಲಿಲ್ಲ. ಒಂದು ಪುಟ್ಟ ಸುದ್ದಿಸಂಸ್ಥೆಯ ಮೂಲಕ ಬರಹವನ್ನು ಪತ್ರಿಕೆಗಳಿಗೆ ಹಂಚಬೇಕಾಯಿತು.

ಸುಳ್ಳಿಗೆ ಕಾರಣ ಸೆನ್ಸಾರ್ ಅಲ್ಲ. ಆ ಹಳ್ಳಿಗೆ ಹೋಗಿ ನೋಡಿದ ಸ್ವತಂತ್ರ ವರದಿಗಾರ ಒಬ್ಬನೂ ಇರಲಿಲ್ಲ, ಕೈಯಲ್ಲಿದ್ದದ್ದು ಪ್ರಕಟಣೆಯೊಂದೇ. ಪ್ರಕಟಣೆಯನ್ನು ಟೈಪ್ ಮಾಡುವಾಗ ಸರ್ಕಾರಿ, ಖಾಸಗಿ ಎಂಬ ಭೇದ ಅಳಿಸಿಹೋಗುತ್ತದೆ.

ಪದಪ್ರೇಮಿ

ಇದಕ್ಕೆ ಸೇರಿಸಬಹುದಾದ ಇನ್ನೊಂದು ಇದೆ. ಮನುಷ್ಯನನ್ನು ಮಲಗಿಸಿ ಮುಖದ ಮೇಲೆ ಬಟ್ಟೆ ಹಾಕಿ ನೀರು ಸುರಿದು ಉಸಿರು ಕಟ್ಟಿಸುವ ‘ವಾಟರ್‌ಬೋರ್ಡಿಂಗ್’ ಬಗ್ಗೆ ಅಮೆರಿಕದ ಪತ್ರಿಕೆಗಳು ಬಳಸಿದ ಪದಗಳನ್ನು ಹಾರ್ವರ್ಡ್‌ನ ವಿದ್ಯಾರ್ಥಿಗಳು ಎಣಿಸಿ 2010ರಲ್ಲಿ ಪ್ರಕಟಿಸಿದರು. 1930ರ ದಶಕದಿಂದ 2004ರವರೆಗಿನ ಕಾಲದ ಎಣಿಕೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಇಂತಹ 54 ಬರಹಗಳ ಪೈಕಿ 44 ಅದನ್ನು ಚಿತ್ರಹಿಂಸೆ ಎಂದೇ ಕರೆದಿದ್ದವು ಅಥವಾ ಹಾಗೆ ಸೂಚಿಸಿದ್ದವು. 2002ರಿಂದ 2008ರ ನಡುವಿನ 143 ಬರಹಗಳಲ್ಲಿ ಹಾಗೆ ಮಾಡಿದ್ದು ಎರಡು ಮಾತ್ರ. ನೀರು ಅದೇ, ಬಟ್ಟೆ ಅದೇ, ಆದರೆ ಈಗ ಸುರಿಯುವವರು ತಮ್ಮವರು. 2014ರಲ್ಲಿ ಪತ್ರಿಕೆ ಮತ್ತೆ ‘ಚಿತ್ರಹಿಂಸೆ’ ಎಂಬ ಪದಕ್ಕೆ ಮರಳುವುದಾಗಿ ಪ್ರಕಟಿಸಿತು.

ಇದು ಖಾಸಗಿ ಪತ್ರಿಕೆ, ಜಗತ್ತಿನ ಅತ್ಯಂತ ಹೆಸರುವಾಸಿ ಪತ್ರಿಕೆಗಳಲ್ಲೊಂದು. ಖಡಕ್ ಅವರ ಉತ್ತರಕ್ಕೆ ಕಾಯುತ್ತೇನೆ.

ಖಡಕ್_ಓದುಗ

ಉತ್ತರ ಇದೆ. ಆ ಎಣಿಕೆ ಸಾಧ್ಯವಾದದ್ದೂ, ಪತ್ರಿಕೆ ತನ್ನ ಪದವನ್ನು ಬದಲಿಸಿದ್ದೂ ಅಲ್ಲಿ ಅದರ ಮೇಲೆ ಬಹಿರಂಗವಾಗಿ ಜಗಳ ಆಡಲು ಅವಕಾಶವಿದ್ದದ್ದರಿಂದ. ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ದ ಸಂಪಾದಕನ ಜೊತೆ ಅಂಥ ಜಗಳ ಆಡಿದವನು ಮರುದಿನ ಎಲ್ಲಿರುತ್ತಿದ್ದ?

ಆದರೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ‘ಖಾಸಗಿ ಎಂದರೆ ಸತ್ಯ’ ಎಂದು ಇನ್ನು ಹೇಳುವುದಿಲ್ಲ. ಹಲವು ಮಾಲೀಕರಿದ್ದರೆ ಸತ್ಯ ನುಸುಳಲು ಹೆಚ್ಚು ಕಿಂಡಿಗಳಿರುತ್ತವೆ ಎನ್ನುತ್ತೇನೆ.

ಮೂರನೇ_ಪುಟ

ಕಿಂಡಿಯಿಂದ ವಿಷವೂ ನುಸುಳುತ್ತದೆ. ರುವಾಂಡಾದಲ್ಲಿ, ಆಮೇಲೆ ನರಮೇಧಕ್ಕೆ ಗುರಿಯಾದ ಟುಟ್ಸಿ ಜನಾಂಗದವರ ವಿರುದ್ಧ ವರ್ಷಗಟ್ಟಲೆ ದ್ವೇಷ ಬಿತ್ತಿದ ‘ಕಂಗುರಾ’ ಸರ್ಕಾರದ ಗೆಜೆಟ್ ಆಗಿರಲಿಲ್ಲ, 1990ರಲ್ಲಿ ಆರಂಭವಾದ ಖಾಸಗಿ ಪತ್ರಿಕೆ. ಅದರ ಸಂಪಾದಕ ಹಸನ್ ಎನ್‌ಗೆಜೆಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಅದು 35 ವರ್ಷಗಳಿಗೆ ಇಳಿಯಿತು. ಅಲ್ಲಿ ಪತ್ರಿಕೆ ಹಕ್ಕು ಉಲ್ಲಂಘನೆಯನ್ನು ತಪ್ಪಾಗಿ ವರದಿ ಮಾಡಿತು ಎಂಬುದಲ್ಲ, ಉಲ್ಲಂಘನೆಗೆ ನೆಲ ಹದ ಮಾಡಿಕೊಟ್ಟದ್ದೇ ಪತ್ರಿಕೆ.

ಇನ್ನು ಹಣದ ಮಾತು. ಅರ್ಜೆಂಟೀನಾದ ಸೈನಿಕ ಆಡಳಿತದಲ್ಲಿ ‘ಕ್ಲಾರಿನ್’, ‘ಲಾ ನಾಸಿಯೊನ್’, ‘ಲಾ ರಾಸೊನ್’ ಎಂಬ ಮೂರು ದೊಡ್ಡ ಖಾಸಗಿ ಪತ್ರಿಕೆಗಳು ಮುದ್ರಣ ಕಾಗದದ ಕಾರ್ಖಾನೆಯಲ್ಲಿ ಸರ್ಕಾರದೊಂದಿಗೆ ಪಾಲುದಾರರಾದವು. ಕಾಗದದ ಸುರುಳಿಯಲ್ಲೇ ಪಾಲು ಸಿಕ್ಕಮೇಲೆ ಸೆನ್ಸಾರ್ ಅಧಿಕಾರಿಯ ಅಗತ್ಯವೇನು? ಜಾಹೀರಾತು ನಿಂತರೆ ಸಂಬಳ ನಿಲ್ಲುತ್ತದೆ ಎಂಬ ಭಯ ಪ್ರತಿಯೊಂದು ಖಾಸಗಿ ಪತ್ರಿಕೆಗೂ ಇದೆ, ಮತ್ತು ಬಹಳ ಕಡೆ ಅತಿ ದೊಡ್ಡ ಜಾಹೀರಾತುದಾರ ಸರ್ಕಾರವೇ.

ಕಾನೂನು_ಕಟ್ಟೆ

ಅರ್ಜೆಂಟೀನಾದ ಮಾತು ಬಂದಮೇಲೆ ‘ಬ್ಯೂನಸ್ ಐರಿಸ್ ಹೆರಾಲ್ಡ್’ ಅನ್ನು ಬಿಡುವಂತಿಲ್ಲ. ಇಂಗ್ಲಿಷ್ ಭಾಷೆಯ, ಪ್ರಸಾರ ತೀರಾ ಕಡಿಮೆ ಇದ್ದ ಪತ್ರಿಕೆ ಅದು. ಸಂಪಾದಕ ರಾಬರ್ಟ್ ಕಾಕ್ಸ್ ಕಾಣೆಯಾದವರ ಹೆಸರುಗಳನ್ನು ಪ್ರಕಟಿಸುತ್ತಿದ್ದರು. ನನ್ನ ವೃತ್ತಿಗೆ ಹತ್ತಿರವಾದ ಕಾರಣ ಅವರ ಒಂದು ಪದ್ಧತಿ ನನಗೆ ಬಹಳ ಇಷ್ಟ: ಮಗ ಕಾಣೆಯಾಗಿದ್ದಾನೆ ಎಂದು ಬಂದ ಕುಟುಂಬಕ್ಕೆ ಮೊದಲು ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೋರುವ ಅರ್ಜಿ ಹಾಕಿ ಬರಲು ಹೇಳುತ್ತಿದ್ದರು. ಅರ್ಜಿ ಬಿದ್ದಮೇಲೆ ಅದು ನ್ಯಾಯಾಲಯದ ಸುದ್ದಿ. ಪತ್ರಿಕೆ ಏನನ್ನೂ ಆರೋಪಿಸಬೇಕಾಗಿಲ್ಲ, ಹೆಸರು, ದಿನಾಂಕ, ಕರೆದೊಯ್ದ ಸ್ಥಳ ಎಲ್ಲವೂ ದಾಖಲೆಯಲ್ಲೇ ಇರುತ್ತವೆ. ಬೆದರಿಕೆ ತಾಳಲಾರದೆ ಅವರು 1979ರ ಕೊನೆಯಲ್ಲಿ ಕುಟುಂಬದೊಂದಿಗೆ ದೇಶ ಬಿಟ್ಟರು. 1984ರಲ್ಲಿ ರಾಷ್ಟ್ರೀಯ ಆಯೋಗ 8,961 ಮಂದಿ ಕಾಣೆಯಾದುದನ್ನು ದಾಖಲಿಸಿತು. ಹಕ್ಕುಗಳ ಸಂಘಟನೆಗಳು 30,000 ಎನ್ನುತ್ತವೆ.

ಆ ಮೂರು ದೊಡ್ಡ ಪತ್ರಿಕೆಗಳೂ ಖಾಸಗಿ, ಈ ಪುಟ್ಟ ಪತ್ರಿಕೆಯೂ ಖಾಸಗಿ. ಎರಡು ಕಾಲಂ ಅವರ ಪ್ರಶ್ನೆಗೆ ಇಷ್ಟೇ ಸಾಕು ಎನಿಸುತ್ತದೆ.

ಅನುಮಾನಿ

ಓದುಗರನ್ನು ಮಾತ್ರ ಯಾರೂ ಬೈಯುತ್ತಿಲ್ಲ. 1980ರಲ್ಲಿ ಬಿಹಾರದ ಭಾಗಲ್ಪುರದಲ್ಲಿ 31 ಕೈದಿಗಳ ಕಣ್ಣುಗಳನ್ನು ಪೊಲೀಸರು ಚುಚ್ಚಿ ಆಸಿಡ್ ಸುರಿದು ಕುರುಡಾಗಿಸಿದ್ದನ್ನು ‘ಇಂಡಿಯನ್ ಎಕ್ಸ್‌ಪ್ರೆಸ್’ ಬಯಲು ಮಾಡಿದಾಗ, ಊರಿನ ಜನ ಬೀದಿಗಿಳಿದದ್ದು ಅಮಾನತಾದ ಪೊಲೀಸರ ಪರವಾಗಿ. ಸರ್ಕಾರಿ ಪತ್ರಿಕೆ ಮಂತ್ರಿಗೆ ಹೆದರುತ್ತದೆ, ಖಾಸಗಿ ಪತ್ರಿಕೆ ಚಂದಾದಾರನಿಗೆ ಹೆದರುತ್ತದೆ. ‘ಕಳ್ಳರಿಗೆ ಯಾವ ಹಕ್ಕು’ ಎಂದು ಕೇಳುವ ಚಂದಾದಾರ ಸೆನ್ಸಾರ್ ಅಧಿಕಾರಿಗಿಂತ ಕಡಿಮೆಯವನಲ್ಲ.

ಮೊದಲ_ಬೆಂಚು

ಹಾಗಾದರೆ ಸರ್ಕಾರಿ ಪತ್ರಿಕೆಯನ್ನು ಓದುವುದರಿಂದ ಏನಾದರೂ ಪ್ರಯೋಜನವಿದೆಯೇ, ಅಥವಾ ಅದನ್ನು ಬದಿಗಿಡಬೇಕೇ?

ಹಳೇ_ಡೆಸ್ಕ್

ಖಂಡಿತ ಓದಬೇಕು, ಮಗಳೇ. ಸರ್ಕಾರಿ ಪತ್ರಿಕೆ ಏನನ್ನು ಅಲ್ಲಗಳೆಯುತ್ತಿದೆ ಎಂದು ನೋಡು. ಯಾರೂ ಬರೆಯದ ಸುದ್ದಿಗೆ ‘ಇಂತಹ ಊರಿನಲ್ಲಿ ಇಂತಹ ಘಟನೆ ನಡೆದಿಲ್ಲ’ ಎಂದು ಸ್ಪಷ್ಟನೆ ಬಂದರೆ, ಆ ಊರಿಗೆ ಹೋಗಲು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಬೇಕು. ದಿನಾಂಕ, ಸ್ಥಳ, ಯಾವ ದಳ, ಯಾರು ಪ್ರಕಟಣೆ ಹೊರಡಿಸಿದರು ಎಂಬುದನ್ನೆಲ್ಲ ಅವರು ಸುಳ್ಳಿನ ಜೊತೆಗೇ ಅಚ್ಚು ಹಾಕಿರುತ್ತಾರೆ. ಮೈ ಲಾಯ್‌ನ 128 ಎಂಬ ಸಂಖ್ಯೆಯ ಜೊತೆಗೂ ದಿನಾಂಕ, ಸ್ಥಳ ಇದ್ದವಲ್ಲ.

1971ರಲ್ಲಿ ಪಾಕಿಸ್ತಾನದ ಸೇನೆ ಪೂರ್ವ ಬಂಗಾಳದಲ್ಲಿ ಎಲ್ಲವೂ ಶಾಂತವಾಗಿದೆ ಎಂದು ತೋರಿಸಲು ಎಂಟು ಪತ್ರಕರ್ತರನ್ನು ತಾನೇ ಪ್ರವಾಸ ಕರೆದೊಯ್ದಿತು. ಏಳು ಮಂದಿ ತೋರಿಸಿದ್ದನ್ನು ಬರೆದರು. ಕರಾಚಿಯ ‘ಮಾರ್ನಿಂಗ್ ನ್ಯೂಸ್’ನ ಆ್ಯಂಥನಿ ಮಸ್ಕರೇನ್ಹಾಸ್ ಅಧಿಕಾರಿಗಳು ತಮ್ಮ ಪಕ್ಕದಲ್ಲಿ ಕೂತು ಆಡಿದ ಮಾತುಗಳನ್ನೂ ಕೇಳಿಸಿಕೊಂಡಿದ್ದರು, ಲಂಡನ್ನಿಗೆ ಹೋಗಿ, ಹೆಂಡತಿ ಮಕ್ಕಳು ದೇಶದಿಂದ ಹೊರಬರುವವರೆಗೆ ಕಾದು, ಜೂನ್ 13ರ ‘ಸಂಡೇ ಟೈಮ್ಸ್’ನಲ್ಲಿ ಸೇನೆ ನಡೆಸುತ್ತಿದ್ದ ಹತ್ಯೆಗಳ ಬಗ್ಗೆ ಬರೆದರು. ಎಂಟು ಮಂದಿಯೂ ಕಂಡದ್ದು ಒಂದನ್ನೇ.

ಕರಡಚ್ಚು

ತಡವಾಗಿ ಬಂದೆ, ಕ್ಷಮಿಸಿ. ಸರ್ಕಾರದ್ದೂ ಅಲ್ಲದ, ಖಾಸಗಿಯೂ ಅಲ್ಲದ ಪತ್ರಿಕೆ ನೆನಪಾಯಿತು. 1968ರ ಏಪ್ರಿಲ್‌ನಿಂದ ಸೋವಿಯತ್ ಒಕ್ಕೂಟದಲ್ಲಿ ಗುಟ್ಟಾಗಿ ಹೊರಡುತ್ತಿದ್ದ ‘ಪ್ರಚಲಿತ ಘಟನೆಗಳ ದಿನಚರಿ’ಗೆ ಮಾಲೀಕನೇ ಇರಲಿಲ್ಲ. ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟು ಪ್ರತಿ ಮಾಡುತ್ತಿದ್ದರು. ಓದಿದವರು ಮತ್ತೆ ಟೈಪ್ ಮಾಡಿ ಮುಂದಕ್ಕೆ ಕೊಡುತ್ತಿದ್ದರು. ಯಾರನ್ನು ಯಾವತ್ತು ಬಂಧಿಸಿದರು, ಯಾವ ಸೆಕ್ಷನ್, ಯಾವ ಶಿಬಿರ ಎಂಬುದಷ್ಟೇ ಅದರಲ್ಲಿರುತ್ತಿತ್ತು, ಆಕ್ರೋಶದ ಒಂದು ಮಾತೂ ಇರುತ್ತಿರಲಿಲ್ಲ. ಹಿಂದಿನ ಸಂಚಿಕೆಯಲ್ಲಿ ತಪ್ಪು ಬಂದಿದ್ದರೆ ಮುಂದಿನದರಲ್ಲಿ ತಿದ್ದುಪಡಿ ಬರುತ್ತಿತ್ತು. ಸಿಕ್ಕಿಬಿದ್ದರೆ ಜೈಲು ಖಚಿತ ಎಂದು ಗೊತ್ತಿದ್ದವರು ತಿದ್ದುಪಡಿಗೆ ಜಾಗ ಇಟ್ಟಿದ್ದರು ಎಂಬುದನ್ನು ಯೋಚಿಸಿ.

ಖಡಕ್_ಓದುಗ

ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ಎರಡು_ಕಾಲಂ

ನನ್ನ ಓದಿನ ಕ್ರಮವನ್ನು ಬದಲಿಸಿದ್ದೇನೆ. ಈಗ ಪತ್ರಿಕೆಯ ಹೆಸರನ್ನು ಕಾಗದದಿಂದ ಮುಚ್ಚಿ ಓದುತ್ತೇನೆ: ಕರ್ತೃ ಇದ್ದಾನೆಯೇ, ಸತ್ತವನಿಗೆ ಹೆಸರಿದೆಯೇ, ‘ತಿಳಿಸಿದ್ದಾರೆ’ ಯಾರಿಗೆ, ‘ಆರೋಪಿಸಿದ್ದಾರೆ’ ಯಾರಿಗೆ, ಮತ್ತು ನಾಲ್ಕನೆಯ ದಿನ ಆ ಸುದ್ದಿ ಮರಳಿ ಬಂತೇ. ನಿನ್ನೆ ಹತ್ತು ವರದಿಗಳನ್ನು ಹೀಗೆ ಓದಿ, ಯಾವುದು ಸರ್ಕಾರಿ ಎಂದು ಊಹಿಸಿದೆ. ಮೂರು ತಪ್ಪಾದವು.

ಹಳೇ ಡೆಸ್ಕ್ ಸರ್, ನೀವು ತಿದ್ದಿದ ತಲೆಬರಹಗಳ ಮಾತು ಹೇಳಿದಿರಿ. ನಿರ್ದಿಷ್ಟವಾಗಿ ಯಾವುದಾದರೂ ಒಂದು ನೆನಪಿದೆಯೇ?

ಹಳೇ_ಡೆಸ್ಕ್

ಇದೆ. ಪೊಲೀಸ್ ವಶದಲ್ಲಿ ಒಬ್ಬ ಹುಡುಗ ಸತ್ತಿದ್ದ. ವರದಿಗಾರ ಅವನ ಅಣ್ಣನನ್ನು ಕಂಡು ಮಾತನಾಡಿಸಿ, ಮೈಮೇಲಿದ್ದ ಗಾಯಗಳ ವಿವರವನ್ನೂ ಸೇರಿಸಿ ನಾಲ್ಕು ಪ್ಯಾರಾ ಕಳುಹಿಸಿದ್ದ. ಸಂಜೆ ಒಂದು ಜಾಹೀರಾತು ಹೆಚ್ಚಾಗಿ ಬಂತು, ಪುಟದಲ್ಲಿ ಜಾಗ ಉಳಿದದ್ದು ಸಿಂಗಲ್ ಕಾಲಂನ ಆರು ಸಾಲು. ಅಣ್ಣನ ಮಾತು, ಗಾಯ ಎರಡನ್ನೂ ತೆಗೆದು ‘ವಿಚಾರಣೆ ವೇಳೆ ಅಸ್ವಸ್ಥಗೊಂಡ ಯುವಕ ಸಾವು’ ಎಂದು ಹಾಕಿದೆ. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಆರು ಸಾಲಿಗೆ ಸರಿಹೊಂದುವುದು ಪೊಲೀಸ್ ಪ್ರಕಟಣೆಯೇ ಆಗಿರುತ್ತದೆ, ಅದನ್ನು ಬರೆಯುವುದೇ ಹಾಗೆ.

ಮೂರು ದಿನ ಬಿಟ್ಟು ಆ ಅಣ್ಣ ಕಚೇರಿಗೆ ಬಂದಿದ್ದ. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಪತ್ರಿಕೆಯಲ್ಲಿ ತಮ್ಮನ ಹೆಸರಿನ ಒಂದು ಅಕ್ಷರ ತಪ್ಪಾಗಿದೆ, ಪರಿಹಾರದ ಅರ್ಜಿಗೆ ಲಗತ್ತಿಸಲು ಆ ತುಣುಕು ಬೇಕು, ಸರಿಪಡಿಸಿ ಹಾಕುತ್ತೀರಾ ಎಂದು ಕೇಳಿದ. ನಾಳೆ ಹಾಕೋಣ ಎಂದೆ. ಮರುದಿನ ನನಗೆ ವಾರದ ರಜೆ ಇತ್ತು.